ಎರೆಹುಳುವಿಗೆ ಮೊದಲು ಹಾಸಿಗೆ, ಆಮೇಲೆ ಊಟ

ಎರೆಗೊಬ್ಬರ ಮಾಡೋಣ ಅಂತ ತೊಟ್ಟಿಗೆ ಎರೆಹುಳು ತಂದು ಬಿಟ್ಟೆವು, ವಾರದೊಳಗೆ ಎಲ್ಲ ಸತ್ತು ಹೋದವು ಅಂತ ಬೇಜಾರು ಮಾಡಿಕೊಳ್ಳುವವರನ್ನು ಮಂಡ್ಯದ ಕಡೆ ತುಂಬ ನೋಡಿದ್ದೇನೆ. ವಿಚಾರಿಸಿದರೆ, ತರಕಾರಿ ಸಿಪ್ಪೆ ಸುರಿದು ಅದರ ಮೇಲೇ ಹುಳು ಬಿಟ್ಟಿರುತ್ತಾರೆ. ಎರೆಹುಳು ಚರ್ಮದಿಂದಲೇ ಉಸಿರಾಡುತ್ತದೆ. ಮೈ ಒಣಗಿದರೂ ಸಾಯುತ್ತದೆ, ನೀರು ನಿಂತು ಗಾಳಿ ಇಲ್ಲದಾದರೂ ಸಾಯುತ್ತದೆ. ತೇವ, ಗಾಳಿ ಎರಡನ್ನೂ ಕೊಡುವುದು ಹಾಸಿಗೆ, ಅಂದರೆ ಹುಳು ಇರಲೆಂದು ತೊಟ್ಟಿಯಲ್ಲಿ ಹಾಸುವ ನೆನೆಸಿದ ತರಗು, ರಟ್ಟಿನಂಥದರ ಪದರ. ಅದಕ್ಕೇ ಮೊದಲು ಅರ್ಧ ಅಡಿ ಹಾಸಿಗೆ ಸಿದ್ಧವಾಗಲಿ.

ನಮ್ಮ ಊರುಗಳಲ್ಲಿ ದುಡ್ಡು ಕೊಡದೆ ಸಿಗುವುದು ಕಬ್ಬಿನ ತರಗು. ಕಟಾವಾದ ಮೇಲೆ ಸುಮ್ನೆ ಬೆಂಕಿ ಇಟ್ಟುಬಿಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಅದನ್ನು ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ ಎರಡು ದಿನ ನೀರಲ್ಲಿ ನೆನೆಸಿ. ಒಣ ತರಗು ಬೇಗ ನೀರು ಹೀರುವುದಿಲ್ಲ. ಆಮೇಲೆ ಅರ್ಧಕ್ಕರ್ಧ ಹಳೇ ಸಗಣಿ ಬೆರೆಸಿ. ಹಸಿ ಸಗಣಿ ಮಾತ್ರ ಬೇಡ, ಅದು ಕಾವು ಏರಿ ಹುಳುವನ್ನು ಬೇಯಿಸಿಬಿಡುತ್ತದೆ. 15-20 ದಿನ ನೆರಳಲ್ಲಿ ಬಿಟ್ಟು, ರಾಶಿಯೊಳಗೆ ಕೈ ಹಾಕಿ ನೋಡಿ. ಬಿಸಿ ತಾಗದಿದ್ದರೆ ಬಳಸಬಹುದು. ಬತ್ತದ ಹುಲ್ಲೂ ಆಗುತ್ತದೆ, ಬೇಗ ಕುಸಿಯುತ್ತದೆ ಅಷ್ಟೇ. ರಾಗಿ ಹುಲ್ಲು ದನಕ್ಕೇ ಇರಲಿ.

ಮೈಸೂರಿನಲ್ಲಿ ತಾರಸಿ ಮೇಲೆ ಮಾಡುವವರಿಗೆ ಪಾರ್ಸಲ್ ಬಂದ ರಟ್ಟಿನ ಡಬ್ಬ, ಹಳೇ ಪೇಪರ್ ಸಾಕು. ಟೇಪು ಕಿತ್ತು, ಬೆರಳಗಲ ಹರಿದು, ನೆನೆಸಿ ಹಿಂಡಿ ಹಾಕಿ. ಮಿರಿಮಿರಿ ಮಿಂಚುವ ಬಣ್ಣದ ಕಾಗದ ಬೇಡ. ತೆಂಗಿನ ನಾರಿನ ಪುಡಿ ತಂದರೆ ಎರಡು ಮೂರು ಸಲ ತೊಳೆಯಿರಿ, ಅದರಲ್ಲಿ ಉಪ್ಪಿನ ಅಂಶ ಇರುತ್ತದೆ.

ರೇಷ್ಮೆ ಸಾಕುವ ಮನೆಯವರಿಗೆ ಇದನ್ನು ಒತ್ತಿ ಹೇಳಬೇಕು. ರೇಷ್ಮೆಹುಳು ತಿಂದುಳಿದ ಸೊಪ್ಪು, ಅದರ ಹಿಕ್ಕೆ ಎರೆಹುಳುವಿಗೆ ಒಳ್ಳೆಯದೇ. ಆದರೆ ಅದರ ಮೇಲೆ ಸುಣ್ಣವನ್ನೋ, ಬ್ಲೀಚಿಂಗ್ ಪೌಡರನ್ನೋ, ರೋಗ ಬರದಿರಲೆಂದು ಔಷಧಿ ಪುಡಿಯನ್ನೋ ಉದುರಿಸಿದ್ದರೆ ತೊಟ್ಟಿಯ ಹತ್ತಿರವೂ ತರಬೇಡಿ.

ತೇವ ನೋಡಲು ಒಂದು ಹಿಡಿ ಹಾಸಿಗೆ ತೆಗೆದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆಯಾಗಿ ಇಳಿದರೆ ಒಣ ರಟ್ಟಿನ ಚೂರು ಬೆರೆಸಿ, ಕೈಯಿಂದಲೇ ಮೆಲ್ಲಗೆ ಸಡಿಲ ಮಾಡಿ. ಸಲಿಕೆ ಹಾಕಿದರೆ ಹುಳು ತುಂಡಾಗುತ್ತವೆ. ಕೆಟ್ಟ ವಾಸನೆ ಬಂದರೆ ನೀರು ಜಾಸ್ತಿ ಆಗಿದೆ, ಇಲ್ಲವೇ ಊಟ ಜಾಸ್ತಿ ಆಗಿದೆ. ಇರುವೆ ಹತ್ತಿದರೆ ಸಾಮಾನ್ಯವಾಗಿ ಹಾಸಿಗೆ ಒಣಗಿರುತ್ತದೆ. ತೊಟ್ಟಿಯನ್ನು ಕಾಲುಗಳ ಮೇಲೆ ಇಟ್ಟಿದ್ದರೆ ಪ್ರತಿ ಕಾಲಿನ ಕೆಳಗೂ ನೀರಿನ ಬಟ್ಟಲು ಇಡಿ. ಸಿಪ್ಪೆಯನ್ನು ಮೇಲೆ ಹರಡದೆ ಒಂದು ಮೂಲೆಯಲ್ಲಿ ಹಾಸಿಗೆಯ ಕೆಳಗೆ ಹೂಳಿ, ನೊಣ ಮುತ್ತುವುದಿಲ್ಲ. ಏಪ್ರಿಲ್ ಬಿಸಿಲಿಗೆ ನೆರಳು ಬೇಕೇ ಬೇಕು. ಒದ್ದೆ ಗೋಣಿಚೀಲ ಹೊದಿಸಿ, ಬೆಳಗ್ಗೆ ಸಂಜೆ ನೀರು ಚಿಮುಕಿಸಿ.

ಎರಡು ಮೂರು ತಿಂಗಳಲ್ಲಿ ತರಗು, ರಟ್ಟು ಯಾವುದೂ ಗುರುತು ಸಿಗದಂತೆ ಕಪ್ಪಾಗುತ್ತದೆ. ಆಗ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಹಳೆಯದನ್ನು ಒಂದು ಬದಿಗೆ ಎಳೆದು, ಖಾಲಿಯಾದ ಕಡೆ ಹೊಸ ಹಾಸಿಗೆ ಹಾಕಿ, ಊಟವನ್ನು ಅಲ್ಲೇ ಕೊಡಿ. ಹುಳುಗಳು ತಾವಾಗಿಯೇ ಅತ್ತ ಹೋಗುತ್ತವೆ. ಹಳೆಯದನ್ನು ಅಂಗೈ ಮೇಲೆ ಹರಡಿ ನೋಡಿದರೆ ನಿಂಬೆಹಣ್ಣಿನ ಆಕಾರದ ಪುಟ್ಟ ಪುಟ್ಟ ಗೂಡುಗಳು ಕಾಣುತ್ತವೆ, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಅದರಲ್ಲಿ ಮರಿಗಳಿರುತ್ತವೆ. ಮೂರು ವಾರ ತೇವ ಆರದಂತೆ ಹಾಗೇ ಬಿಟ್ಟು, ಮರಿಗಳೂ ಹೊಸ ಹಾಸಿಗೆಗೆ ಹೋದ ಮೇಲೆ ಆ ಗೊಬ್ಬರವನ್ನು ಜರಡಿ ಹಿಡಿಯಿರಿ.