ಕಣ್ಣೂರು ಏರ್‌ಪೋರ್ಟಿಂದ ಮಡಿಕೇರಿ ಪೇಟೆಗೆ: ಖಾಲಿ ಗಾಡಿ ಹಿಡಿದ ನನ್ನ ಅನುಭವ

ಮುಂಬಯಿಯಿಂದ ಫೋನ್ ಮಾಡುವ ಗೆಸ್ಟ್ ಮೊದಲು ರೂಮ್ ರೇಟ್ ಕೇಳುವುದಿಲ್ಲ. "ಏರ್‌ಪೋರ್ಟಿಂದ ನಿಮ್ಮಲ್ಲಿಗೆ ಹೇಗೆ ಬರೋದು?" ಅಂತಲೇ ಕೇಳುತ್ತಾರೆ. ಮಡಿಕೇರಿ ಪೇಟೆಯೊಳಗೆ ಲಾಡ್ಜ್ ಇಟ್ಟವರಿಗೆಲ್ಲ ಇದು ಗೊತ್ತು. ನಮ್ಮ ಜಿಲ್ಲೆಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ತುಂಬಾ ವರ್ಷ ನಾನೂ ಎಲ್ಲರ ಹಾಗೆ "ಬೆಂಗಳೂರಲ್ಲಿ ಇಳೀರಿ, ಟ್ಯಾಕ್ಸಿ ಕಳಿಸ್ತೀನಿ" ಅನ್ನುತ್ತಿದ್ದೆ.

ಅದರ ಲೆಕ್ಕ ನಿಮಗೂ ಬಾಯಿಪಾಠ. ಸುಮಾರು 270-280 ಕಿಲೋಮೀಟರ್. ಟೋಲು, ಡ್ರೈವರ್‌ನ ದಿನದ ಬಾಟಾ, ಖಾಲಿ ಹೋಗುವ ಕಡೆಯ ಡೀಸೆಲ್ಲು ಎಲ್ಲ ಸೇರಿ ಎಂಟು ಸಾವಿರದ ಹತ್ತಿರ. ಎಕ್ಸ್‌ಪ್ರೆಸ್‌ವೇ ಆದ ಮೇಲೂ ಹೆಬ್ಬಾಳ ದಾಟಿ, ಊರು ಬಿಟ್ಟು ಹೊರಬರುವುದಕ್ಕೇ ಎರಡು ಗಂಟೆ. ಮೂರು ರಾತ್ರಿಗೆ ಅಂತ ಬಂದವರು ರಾಜಾಸೀಟಿನಲ್ಲಿ ಕೂರುವ ಹೊತ್ತಿಗೆ ಒಂದು ದಿನ ಮುಗಿದಿರುತ್ತದೆ. ಹೋಗುವಾಗ ಇನ್ನೊಂದು ದಿನ. ನನ್ನ ಬುಕಿಂಗ್ ಎಷ್ಟೋ ಸಲ ಇದೇ ಕಾರಣಕ್ಕೆ ಕ್ಯಾನ್ಸಲ್ ಆಗಿದೆ.

ಕಣ್ಣೂರು ವಿಮಾನ ನಿಲ್ದಾಣ ಶುರುವಾದದ್ದು 2018ರ ಡಿಸೆಂಬರ್‌ನಲ್ಲಿ. ಕೇರಳದ ಮಟ್ಟನ್ನೂರಿನ ಹತ್ತಿರ. ಅಲ್ಲಿಂದ ಇರಿಟ್ಟಿ, ಕೂಟುಪುಳ, ಮಾಕುಟ್ಟ ಘಾಟಿ ಹತ್ತಿ ಪೆರುಂಬಾಡಿ, ವಿರಾಜಪೇಟೆ. ಅಲ್ಲಿಂದ ಬೇತ್ರಿ ಸೇತುವೆ ದಾಟಿ ಮೂರ್ನಾಡು, ಮಡಿಕೇರಿ. ಒಟ್ಟು 90 ಕಿಲೋಮೀಟರ್ ಆಸುಪಾಸು. ರಸ್ತೆ ಚೆನ್ನಾಗಿದ್ದರೆ ಎರಡೂವರೆ, ಮೂರು ಗಂಟೆ. ಬೆಂಗಳೂರಲ್ಲೇ ವಿಮಾನ ಬದಲಿಸಿ ಕಣ್ಣೂರಿಗೆ ಬಂದರೂ ಅರ್ಧ ದಿನ ಉಳಿಯುತ್ತದೆ.

ಇದನ್ನು ಹೇಳಿದಾಗ ನಮ್ಮ ಲೈನಿನವರು ಯಾರೂ ಒಪ್ಪಲಿಲ್ಲ. ಕೇರಳ ಅಂದರೆ ಹರತಾಳ, ಚೆಕ್‌ಪೋಸ್ಟ್, ಘಾಟಿ, ಮಳೆ. ಅಲ್ಲಿಂದ ಟ್ಯಾಕ್ಸಿ ಹಿಡಿದರೆ ನಾಲ್ಕು ಸಾವಿರ ಕೇಳುತ್ತಾರೆ, ಗೆಸ್ಟಿಗೆ ಏನು ಉಳಿಯಿತು ಅಂತ ಕೇಳಿದರು. ಆ ಮಾತು ಸುಳ್ಳಲ್ಲ. ಮೊದಲ ಸೀಸನ್ನಿನಲ್ಲಿ ಇಲ್ಲಿಂದ ಖಾಲಿ ಗಾಡಿ ಕಳಿಸಿ ಕರೆಸಿಕೊಂಡೆ. ಹೋಗಿ ಬರುವ ಖರ್ಚೆಲ್ಲ ನನ್ನ ತಲೆಗೆ. ಪ್ರತಿ ಟ್ರಿಪ್ಪಿಗೆ ಎಂಟುನೂರು, ಸಾವಿರ ಕೈಯಿಂದ ಹಾಕಿದ್ದೇನೆ.

ದಾರಿ ತೋರಿಸಿದ್ದು ವಿರಾಜಪೇಟೆಯ ಒಬ್ಬ ಹಳೇ ಡ್ರೈವರ್. ನಾವೆಲ್ಲ ಕಾಕ ಅಂತೀವಿ. ಗೋಣಿಕೊಪ್ಪದಲ್ಲಿ ಚಹಾ ಕುಡಿಯುತ್ತಾ, "ಮೋನೇ (ಮಗನೇ), ಗಲ್ಫಿಗೆ ಹೋಗೋರನ್ನ ಬಿಟ್ಟು ವಾಪಸ್ ಖಾಲಿ ಬರ್ತೀನಲ್ಲ, ಆ ಘಾಟಿ ಹತ್ತೋವಾಗ ಡೀಸೆಲ್ ಉರಿಯೋದು ನೋಡಿದ್ರೆ ಹೊಟ್ಟೆ ಉರೀತದೆ" ಅಂದರು. ನನಗೆ ಅಲ್ಲೇ ಹೊಳೆಯಿತು. ವಿರಾಜಪೇಟೆ, ನಾಪೋಕ್ಲು, ಸಿದ್ದಾಪುರದ ಕಡೆಯಿಂದ ಎಷ್ಟು ಮಂದಿ ಕಣ್ಣೂರಿನಿಂದ ದುಬೈ, ದೋಹಾ ವಿಮಾನ ಹತ್ತುತ್ತಾರೆ! ಆ ಗಾಡಿಗಳೆಲ್ಲ ವಾಪಸ್ ಬರಲೇಬೇಕು, ಅಲ್ವಾ? ಹೋಗುವ ಬಾಡಿಗೆ ಅವರಿಗೆ ಸಿಕ್ಕಾಗಿದೆ. ಬರುವ ಕಡೆ ಎರಡು ಸಾವಿರ ಸಿಕ್ಕರೂ ಲಾಭವೇ.

ಮೊದಲ ಟ್ರಿಪ್ಪೇ ಕೆಟ್ಟಿತು. ಪುಣೆಯ ನಾಲ್ಕು ಮಂದಿ ಲಗೇಜ್ ಹಿಡಿದು ಹೊರಗೆ ಬಂದರೆ ಗಾಡಿಯಲ್ಲಿ ಜಾಗವೇ ಇಲ್ಲ. ಮಗನನ್ನು ಕಳಿಸಲು ಬಂದಿದ್ದ ತಾಯಿ, ಮಾವ, ತಂಗಿ, ಎರಡು ಚಿಕ್ಕ ಮಕ್ಕಳು ಒಳಗೆ. ಆ ತಾಯಿ ಸೆರಗಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರಂತೆ. ಅವರನ್ನು ಇಳಿಯಿರಿ ಅನ್ನಲು ಯಾರಿಗೆ ಬಾಯಿ ಬರುತ್ತದೆ? ನಾನು ಅಲ್ಲಿಯ ಕೌಂಟರ್ ಟ್ಯಾಕ್ಸಿ ಮಾಡಿಸಿದೆ. ಮೂರು ಸಾವಿರದ ಎಂಟುನೂರೋ ಏನೋ ಹೋಯಿತು. ಅವತ್ತಿಂದ ಡ್ರೈವರ್‌ಗೆ ನನ್ನ ಮೊದಲ ಪ್ರಶ್ನೆ, "ಕಳಿಸೋಕೆ ಮನೆಯವರು ಎಷ್ಟು ಜನ?" ಗಲ್ಫಿಗೆ ಮೊದಲ ಸಲ ಹೋಗುವವರ ಜೊತೆ ಮನೆ ತುಂಬಾ ಬರುತ್ತಾರೆ. ಎರಡು, ಮೂರು ಸಲ ಹೋಗಿ ಬಂದವರು ಒಬ್ಬರೇ ಹೊರಡುತ್ತಾರೆ. ನನಗೆ ಬೇಕಾದದ್ದು ಅಂಥ ಗಾಡಿ.

ಎರಡನೇ ಪೆಟ್ಟು ಬಿದ್ದದ್ದು ಟೈಮಿನಿಂದ. ಗಲ್ಫಿನವರು ವಿಮಾನಕ್ಕೆ ಮೂರು, ನಾಲ್ಕು ಗಂಟೆ ಮೊದಲೇ ಇಳಿಯುತ್ತಾರೆ. ನನ್ನ ಗೆಸ್ಟ್ ವಿಮಾನ ಲೇಟ್ ಆಯಿತು ಅಂದರೆ ಡ್ರೈವರ್ ಕಾಯಬೇಕು. ಒಬ್ಬರು ಕಾದು ಕಾದು ಹೊರಟೇಹೋದರು, ತಪ್ಪು ಅವರದಲ್ಲ, ಕಾಯುವ ದುಡ್ಡು ನಾನು ಮಾತಾಡಿರಲಿಲ್ಲ. ಈಗ ಒಂದು ಗಂಟೆ ಬಿಟ್ಟಿ, ಆಮೇಲೆ ಗಂಟೆಗೆ 150. ಗೆಸ್ಟಿಗೆ ಮೊದಲೇ ಹೇಳಿರುತ್ತೇನೆ. ಗಾಡಿಯನ್ನು ಏರ್‌ಪೋರ್ಟ್ ಪಾರ್ಕಿಂಗಲ್ಲಿ ಸುಮ್ನೆ ನಿಲ್ಲಿಸುವುದಿಲ್ಲ. ಮಟ್ಟನ್ನೂರು ಪೇಟೆಯಲ್ಲಿ ಊಟ ಮಾಡಿ ಕೂತಿರುತ್ತಾರೆ. ಗೆಸ್ಟ್ ಕೈಗೆ ಲಗೇಜ್ ಬಂದ ಮೇಲೆ ಫೋನ್ ಮಾಡಿದರೆ ಸಾಕು, ಅವರು ಬಾಗಿಲಿಗೆ ಬರುವ ಹೊತ್ತಿಗೆ ಗಾಡಿ ಅಲ್ಲಿರುತ್ತದೆ.

ಗಾಡಿ ಹಳದಿ ಬೋರ್ಡೇ ಆಗಬೇಕು, ಆಲ್ ಇಂಡಿಯಾ ಪರ್ಮಿಟ್ ಇರಬೇಕು. ಒಮ್ಮೆ ಅವಸರಕ್ಕೆ ನೆಂಟರ ಬಿಳಿ ಬೋರ್ಡ್ ಕಾರು ಕಳಿಸಿ ದಂಡ ಕಟ್ಟಿದ್ದೇನೆ. ಆ ತಿಂಗಳ ಲಾಭವೆಲ್ಲ ಅದಕ್ಕೇ ಹೋಯಿತು. ಹರತಾಳದ ದಿನ ಏನೂ ಮಾಡಲಾಗದು. ಬೆಳಗ್ಗೆ ಆರರಿಂದ ಸಂಜೆ ಆರರ ತನಕ ಕೂರಬೇಕು. ಹಿಂದಿನ ರಾತ್ರಿ ಕಾಕನಿಗೆ ಒಂದು ಫೋನ್ ಮಾಡಿದರೆ ನಾಳೆ ಏನು ಕಥೆ ಅಂತ ತಿಳಿಯುತ್ತದೆ.

ಮಾಕುಟ್ಟ ಘಾಟಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕಾಡಿನ ನಡುವೆ ತಿರುವಿನ ಮೇಲೆ ತಿರುವು, ಫೋನ್ ಸಿಗ್ನಲ್ ಇಲ್ಲ. ಮುಂಬಯಿಯವರು ಅಲ್ಲಿ ಮ್ಯಾಪ್ ನಿಂತುಹೋಯಿತು ಅಂತ ಹೆದರುತ್ತಾರೆ. ಇರಿಟ್ಟಿ ಬಿಡುವ ಮೊದಲೇ ಡ್ರೈವರ್ "ಇನ್ನು ಮುಕ್ಕಾಲು ಗಂಟೆ ಫೋನ್ ಹೋಗಲ್ಲ, ಮನೆಗೆ ಹೇಳಿಬಿಡಿ" ಅಂತ ಹೇಳಬೇಕು. ಈ ಒಂದು ಮಾತಿಗೆ ನನ್ನ ಅರ್ಧ ಕಂಪ್ಲೇಂಟ್ ನಿಂತವು. ಮಕ್ಕಳಿದ್ದರೆ ಇರಿಟ್ಟಿಯಲ್ಲಿ ಹೊಟ್ಟೆ ತುಂಬಾ ತಿನ್ನಿಸಬಾರದು. ಮುಂದಿನ ಸೀಟಿನ ಹಿಂದೆ ನಾನೇ ಕಟ್ಟಿ ಕಳಿಸುವ ಸಣ್ಣ ಚೀಲ ಇದೆ: ನಾಲ್ಕು ಕವರ್, ಒಂದು ಹಳೇ ಟವೆಲ್, ಎರಡು ಹೋಳು ಮಾಡಿದ ಗಜನಿಂಬೆ, ನಮ್ಮ ತೋಟದ್ದೇ. ಹೋಳನ್ನು ಕೈಯಲ್ಲಿ ಹಿಡಿದು ಮೂಸುತ್ತಾ ಕೂತರೆ ಪೆರುಂಬಾಡಿ ತನಕ ವಾಂತಿ ಇಲ್ಲ. ರಾತ್ರಿ ಎಂಟರ ಮೇಲೆ ಘಾಟಿ ಹತ್ತಿಸುವುದಿಲ್ಲ, ಆನೆ ಕಾಟ ಇದೆ. ಮಳೆಗಾಲದಲ್ಲಿ ಮಣ್ಣು ಕುಸಿಯುವ ಜಾಗ ಅದು. ಆಗ ಎಷ್ಟೋ ಸಲ ದೊಡ್ಡ ಗಾಡಿಗಳನ್ನು ಬಿಡುವುದಿಲ್ಲ. ಜುಲೈ, ಆಗಸ್ಟಲ್ಲಿ ನಾನು ಈ ದಾರಿಗೆ ಬುಕಿಂಗೇ ತೆಗೆದುಕೊಳ್ಳಲ್ಲ.

ನಡುವೆ ಬೇರೆ ಪ್ರಯೋಗವನ್ನೂ ಮಾಡಿದೆ. ಬೆಂಗಳೂರು ಏರ್‌ಪೋರ್ಟಿಂದ ಮೈಸೂರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್, ಮೈಸೂರಿಂದ ನಮ್ಮ ಗಾಡಿ. ಇದು ಒಬ್ಬರೇ ಬರುವವರಿಗೆ ಬಹಳ ಒಳ್ಳೆಯದು, ಖರ್ಚು ಅರ್ಧಕ್ಕಿಂತ ಕಡಿಮೆ. ಅಜ್ಜಿ, ಮಕ್ಕಳು, ಆರು ಸೂಟ್‌ಕೇಸ್ ಇದ್ದರೆ ಆಗದು. ಮಂಗಳೂರಿಂದ ಸಂಪಾಜೆ ದಾರಿ ಚೆನ್ನಾಗಿಯೇ ಇದೆ, ಆದರೆ 140 ಕಿಲೋಮೀಟರ್‌ಗೆ ರಿಟರ್ನ್ ಗಾಡಿ ಹೊಂದಿಸಲು ನನ್ನಿಂದ ಆಗಲಿಲ್ಲ. 2018ರಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಆ ದಾರಿ ಬಂದ್ ಆದದ್ದು ಇನ್ನೂ ಮನಸ್ಸಿಂದ ಹೋಗಿಲ್ಲ. ಎರಡು ಕುಟುಂಬ ಒಂದೇ ಗಾಡಿಯಲ್ಲಿ ಶೇರಿಂಗ್ ಮಾಡಿಸಿದ್ದೂ ಆಯಿತು. ಎರಡೇ ಸಲ. ಒಬ್ಬರಿಗೆ ಏಸಿ ಬೇಕು, ಇನ್ನೊಬ್ಬರಿಗೆ ಕಿಟಕಿ ತೆಗೆಯಬೇಕು. ಬಿಟ್ಟುಬಿಟ್ಟೆ.

ಈಗ ನನ್ನ ಕೌಂಟರಲ್ಲಿ ಉದ್ದ ನೋಟ್‌ಬುಕ್ ಇದೆ. ಎಡಗಡೆ ಗಲ್ಫಿಗೆ ಹೋಗುವ ಗಾಡಿ, ಬಲಗಡೆ ನನ್ನ ಗೆಸ್ಟ್, ನಡುವೆ ಗೆರೆ. ಎಡಗಡೆಯ ಸುದ್ದಿ ಹದಿನೈದು ದಿನ ಮೊದಲೇ ನನಗೆ ಎಲ್ಲಿಂದ ಸಿಗುತ್ತದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದು ಮೂರು ವರ್ಷದ ಸಂಪಾದನೆ. ಗೆಸ್ಟಿಂದ ನಾನು ತೆಗೆದುಕೊಳ್ಳುವುದು 2,300, ಡ್ರೈವರ್‌ಗೆ ಎರಡು ಸಾವಿರ ಅಲ್ಲೇ ಕೈಗೆ. ಕಳೆದ ಸೀಸನ್ನಲ್ಲಿ ನಲವತ್ತರ ಮೇಲೆ ಪಿಕಪ್ ಆಯಿತು. ಕೈಕೊಟ್ಟದ್ದು ಮೂರೋ ನಾಲ್ಕೋ. "ಕೇರಳದ ಕಡೆ ತಲೆ ಹಾಕಬೇಡ" ಅಂದಿದ್ದ ಪಕ್ಕದ ಲಾಡ್ಜಿನ ಅಣ್ಣನೇ ಮೊನ್ನೆ ಬಂದು ಕಾಕನ ನಂಬರ್ ಕೇಳಿದರು. ಕೊಟ್ಟೆ.

ಇನ್ನೊಂದು ಬಾಕಿ ಇದೆ. ಮಡಿಕೇರಿ ದಸರಾದ ಕೊನೇ ರಾತ್ರಿ ದೇವರ ಮೂರ್ತಿಗಳ ಹತ್ತು ಮಂಟಪಗಳ ಮೆರವಣಿಗೆ ಹೊರಟ ಮೇಲೆ ಪೇಟೆಯೊಳಗೆ ಗಾಡಿ ಬಿಡುವುದಿಲ್ಲ. ಹೋದ ವರ್ಷ ಹೈದರಾಬಾದಿನವರು ಊರ ಹೊರಗೇ ಇಳಿದು, ಸೂಟ್‌ಕೇಸ್ ಎಳೆಯುತ್ತಾ ಜನರ ನಡುವೆ ನಡೆದುಬಂದರು. ಈ ಸಲ ಅಂಥವರನ್ನು ಮೂರ್ನಾಡಿನಲ್ಲಿ ನನ್ನ ಭಾವನ ಮನೆಯಲ್ಲಿ ಮಲಗಿಸಿ, ಬೆಳಗ್ಗೆ ನಮ್ಮ ಕೊಡಗಿನ ಅಕ್ಕಿ ತಿಂಡಿ ಪಾಪುಟ್ಟು ತಿನ್ನಿಸಿ ಕರೆತರೋಣ ಅಂದುಕೊಂಡಿದ್ದೇನೆ. ಭಾವ ಆಗಲಿ ಅಂದಿದ್ದಾರೆ.