ಸವೆದಿದೆಯೆಂದು ಎಲ್ಲರೂ ಕೈಬಿಟ್ಟ ನಳಿಗೆ

“ಭಟ್ರೇ, ಇದರ ನಳಿಗೆಯೊಳಗಿನ ಸುರುಳಿ ಗೀರು ಸವೆದಿದೆ, ಇನ್ನು ಗುಂಡನ್ನು ತಿರುಗಿಸಲಿಕ್ಕಿಲ್ಲ” ಎಂದು ಶೂಟಿಂಗ್ ಕ್ಲಬ್ಬಿನ ಹಿರಿಯರು ತೀರ್ಪು ಕೊಟ್ಟಾಗ, ತಂದೆಯ ಕಾಲದ ನನ್ನ ಪಾಯಿಂಟ್ ಟೂ ಟೂ ರೈಫಲ್ 50 ಮೀಟರಿನಲ್ಲಿ ಐದು ಗುಂಡುಗಳನ್ನು ಅಂಗೈಯಗಲಕ್ಕೆ ಚೆಲ್ಲುತ್ತಿತ್ತು. ಹೊಸ ನಳಿಗೆಗೆ ಹೇಳಿದ ಬೆಲೆ ಸುಮಾರು 60,000 ರೂಪಾಯಿ. ಪರವಾನಗಿಯ ಕಡತ ಹಿಡಿದು ಬದಿಯಡ್ಕದಿಂದ ಕಾಸರಗೋಡಿಗೆ ಅಲೆಯುವುದು ಬೇರೆ.

ಗೀರು ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತದೆಂಬ ತಿರುವನ್ನು ನಾನೇ ಅಳೆದೆ. ಬಿಗಿಯಾದ ಬಟ್ಟೆ ಸುತ್ತಿದ, ನಳಿಗೆ ಒರೆಸುವ ರಾಡಿಗೆ ಗುರುತು ಹಾಕಿ ಎಳೆದಾಗ ಒಂದು ಸುತ್ತಿಗೆ 21 ಇಂಚು ಬಂತು. ಹಳೆಯ ‘ಶಾರ್ಟ್’ ಎಂಬ ಗಿಡ್ಡ ತೋಟೆಯ ನಳಿಗೆಗಳಲ್ಲಿ ಅಂಥ ನಿಧಾನ ತಿರುವು ಇರುತ್ತಿತ್ತಾದ್ದರಿಂದ ಆ ಅಳತೆಯನ್ನು ನಂಬಿಬಿಟ್ಟೆ. ಹೊಸ ನಳಿಗೆಗೆ ಮುಂಗಡ ಕೊಡುವುದೊಂದೇ ಬಾಕಿ. ರಾತ್ರಿ ಮಲಗಿದಾಗ ಹೊಳೆಯಿತು: ಹಿಡಿ ತಿರುಗದೆ, ಬಟ್ಟೆ ಗೀರಿನ ಮೇಲೆ ಜಾರಿತ್ತು. ಬೇರಿಂಗ್ ಇರುವ ಹಿಡಿಯ ರಾಡು ಎರವಲು ತಂದು ಐದು ಬಾರಿ ಎಳೆದೆ, ಐದೂ ಬಾರಿ 16 ಇಂಚಿನ ಆಸುಪಾಸು, ಈ ರೈಫಲಿಗೆ ಇರಬೇಕಾದ್ದೇ. ಉಕ್ಕಿನ ಗೀರನ್ನು ಮೆದು ಸೀಸ ಅಷ್ಟು ಬೇಗ ಸವೆಸುವುದಿಲ್ಲ, ಸವೆದರೂ ತಿರುವಿನ ಅಳತೆ ಬದಲಾಗುವುದಿಲ್ಲ ಎಂದರೆ ಯಾರೂ ಕಿವಿಗೊಡಲಿಲ್ಲ.

ಗೆಳೆಯರೊಬ್ಬರು ಕೊಟ್ಟ, ಗುಂಡು 60 ಗ್ರೇನ್ (ಸುಮಾರು 4 ಗ್ರಾಂ) ತೂಗುವ ತೋಟೆಗಳನ್ನೂ ಹಾರಿಸಿದೆ. ಉದ್ದನೆಯ ಆ ಗುಂಡಿಗೆ 16 ಇಂಚಿನ ತಿರುವು ಸಾಲದೆ, ಅದು ಅಡ್ಡಬಿದ್ದು ಕಾಗದದಲ್ಲಿ ಬೀಗದ ಕೈತೂತಿನಂಥ ಗುರುತು ಮೂಡಿತು. ಮಾಮೂಲಿ 40 ಗ್ರೇನಿನದು ದುಂಡಗೇ ತೂತು ಮಾಡಿತು. ಹಾಗಿದ್ದೂ ಚೆದುರುತ್ತಿತ್ತೆಂದರೆ ದೋಷ ತಿರುವಿನಲ್ಲಿಲ್ಲ.

ಮಳೆಗಾಲದ ತುಕ್ಕಿಗೆಂದು ಒಮ್ಮೆ ತೆಂಗಿನೆಣ್ಣೆ ಸವರಿದ್ದೂ ಉಂಟು. ಡಿಸೆಂಬರಿನ ಮುಂಜಾವಿಗೆ ಅದು ನಳಿಗೆಯೊಳಗೇ ಹೆಪ್ಪುಗಟ್ಟಿ, ಮೊದಲ ಎಂಟು ಗುಂಡು ಎಲ್ಲಿಗೆ ಹೋದವೋ ದೇವರೇ ಬಲ್ಲ. ತೋಟೆಯ ಅಂಚಿನ ದಪ್ಪವನ್ನು ವರ್ನಿಯರಿನಲ್ಲಿ ಅಳೆದು ವಿಂಗಡಿಸಿದ ಎರಡು ವಾರವೂ ದಂಡ.

ನಿಜವಾದ ಕಳ್ಳ ಸಿಕ್ಕಿದ್ದು ನಳಿಗೆಯಲ್ಲಿ ತೋಟೆ ಕೂರುವ ಮನೆಯ ಎದುರಿಗೆ, ಗಟ್ಟಿ ಮಸಿಯ ಬಳೆಯಾಗಿ. ಕಂಚಿನ ಬ್ರಶ್ಶಿಗೆ ಅದು ಜಗ್ಗಲಿಲ್ಲ. ಕೊನೆಗೆ ಯಾವುದರಲ್ಲಿ ನೆನೆಸಿ ಬಿಡಿಸಿದೆನೆಂಬುದು ನನ್ನಲ್ಲೇ ಇರಲಿ. ತಂದೆಯವರು ರಾಡನ್ನು ನಳಿಗೆಯ ಬಾಯಿಯ ಕಡೆಯಿಂದ ತೂರಿಸುತ್ತಿದ್ದುದರಿಂದ ಆ ಬಾಯಿಯ ಅಂಚೂ ಒಂದು ಬದಿ ಸವೆದಿತ್ತು. ಅದನ್ನು ಲೇತಿನಲ್ಲಿ ಹೊಸದಾಗಿ ಕತ್ತರಿಸಲು ಪರವಾನಗಿಯುಳ್ಳ ಕೋವಿ ರಿಪೇರಿಯವರು 2,500 ತೆಗೆದುಕೊಂಡರು. ಇದಕ್ಕೆ ಮೊದಲು ತೋಟೆಗೇ ಸುಮಾರು 9,000 ಸುಟ್ಟಿದ್ದೆ.

ಈಗ ಐದು ಗುಂಡೂ ಒಂದು ರೂಪಾಯಿ ನಾಣ್ಯದ ಅಡಿಯಲ್ಲಿ ಅಡಗುತ್ತವೆ. ತಣ್ಣಗಿನ ನಳಿಗೆಯ ಮೊದಲ ಗುಂಡು ಮಾತ್ರ ಇಂದಿಗೂ ಒಂದು ಬೆರಳು ಮೇಲೆ ಹೋಗುತ್ತದೆ.