ಹಳೆ ಮ್ಯಾಸ್ಸಿಯ ಹಿಂದಿನ ಆಕ್ಸಲ್ ಬಿಚ್ಚಿದ ಕಥೆ

ನಮ್ಮನೆ ಮ್ಯಾಸ್ಸಿ 1035 ಟ್ರ್ಯಾಕ್ಟರ್ ಅಪ್ಪ 1984ರಲ್ಲಿ ತಂದಿದ್ದು. ಇಷ್ಟು ವರ್ಷ ಭದ್ರಾ ನಾಲೆಯ ಗದ್ದೆ ಕೆಸರಲ್ಲೇ ದುಡಿದಿದೆ. ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ರೊಳ್ಳೆ ಹೊಡೆಯುವಾಗ, ಅಂದ್ರೆ ಗದ್ದೆ ಕೆಸರು ಮಾಡುವಾಗ, ನೀರು, ಮಣ್ಣು ಚಕ್ರದ ನಡುವಿನ ಹಬ್‌ವರೆಗೂ ಬರುತ್ತೆ. ಬೇರಿಂಗ್ ಸಾಯೋದಕ್ಕೆ ಇನ್ನೇನು ಬೇಕು?

ಮೊದಲು ಗೊತ್ತಾಗಿದ್ದು ಬ್ರೇಕಿನಿಂದ. ಬಲಗಡೆ ಹಿಡೀತಿರಲಿಲ್ಲ. ಡ್ರಮ್ ತೆಗೆದರೆ ಶೂ ಪೂರ್ತಿ ಎಣ್ಣೆಯಲ್ಲಿ ಮಿಂದಿತ್ತು. ಜಾಕ್ ಕೊಟ್ಟು ಟೈರಿನ ಮೇಲ್ತುದಿ ಹಿಡಿದು ಅಲ್ಲಾಡಿಸಿದೆ. ಒಳಗೆ ಟಕ್, ಟಕ್.

ಪೇಟೆಯ ಒಂದು ಗ್ಯಾರೇಜಿಗೆ ಕೊಟ್ಟೆ. ಅರ್ಧ ದಿನದಲ್ಲಿ ಹೊಸ ಬೇರಿಂಗ್ ಹಾಕಿ ಕಳಿಸಿದರು. ಒಂದೇ ಬೆಳೆಗೆ ಮತ್ತೆ ಅದೇ ಟಕ್ ಟಕ್. ಆಗ ಸಿಟ್ಟಿಗೆ ನಾನೇ ಬಿಚ್ಚಲು ಕೂತೆ.

ಬಿಚ್ಚೋದು ಕಷ್ಟ ಅಲ್ಲ, ಭಾರ ಅಷ್ಟೇ. ಹಿಂದೆ ಎತ್ತುವ ಮೊದಲು ಮುಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗುತ್ತೆ ಅಲ್ವಾ, ಅದಕ್ಕೆ ಎರಡೂ ಕಡೆ ಮರದ ಬೆಣೆ ಹೊಡೆದೆ. ಜಾಕ್ ನಂಬಬಾರದು. ಆಕ್ಸಲ್ ಮುಚ್ಚಿರುವ ಹೌಸಿಂಗ್ ಕೆಳಗೆ ಜಾಲಿ ದಿಮ್ಮಿ ಇಟ್ಟೆ. ಟೈರಲ್ಲಿ ನೀರು ತುಂಬಿಸಿದ್ದರೆ ಮೊದಲು ಅದನ್ನು ಹೊರಗೆ ಬಿಡಿ, ಇಲ್ಲಾಂದ್ರೆ ಇಬ್ಬರಿಂದಲೂ ಆಗಲ್ಲ. ಗೇರ್ ಆಯಿಲನ್ನೂ ಪೂರ್ತಿ ಇಳಿಸಿದೆ. ಬಟ್ಟೆ ಮೇಲೆ ಸೋಸಿದರೆ ಬೆಳ್ಳಿ ಪುಡಿಯಂತೆ ಕಬ್ಬಿಣ ಹೊಳೀತು. ಈ ಗಾಡಿಯಲ್ಲಿ ಹೈಡ್ರಾಲಿಕ್ ಪಂಪ್ ಕೂಡ ಇದೇ ಎಣ್ಣೆಯಲ್ಲಿ ಮುಳುಗಿರೋದು. ಹಾಗಾಗಿ ಒಳಗೆಲ್ಲ ಡೀಸೆಲ್ ಹಾಕಿ ಎರಡು ಸಲ ತೊಳೆದೆ.

ಹೌಸಿಂಗಿನ ನಟ್ ಬಿಚ್ಚಿದ ಮೇಲೆ ಆಕ್ಸಲ್ ಇಡಿಯಾಗಿ ಹೊರಗೆ ಬಂತು. ಬೇರಿಂಗಿನ ಒಳಮಗ್ಗುಲಿಗೆ ಒಂದು ದಪ್ಪ ಕಾಲರ್ ಇರುತ್ತೆ, ಕಾಯಿಸಿ ಕೂರಿಸಿದ್ದು. ಚಕ್ರ ಆಕ್ಸಲ್ ಸಮೇತ ಹೊರಗೆ ನಡೆದುಹೋಗದಂತೆ ತಡೆಯೋದು ಅದೊಂದೇ. ಎಳೆದು ಕೀಳುವ ಪುಲ್ಲರ್‌ಗೆ ಅದು ಬಗ್ಗಲ್ಲ. ಗ್ರೈಂಡರ್‌ನಿಂದ ಆಕ್ಸಲ್‌ಗೆ ತಾಗದ ಹಾಗೆ ಕಚ್ಚು ಹೊಡೆದು, ಚಾಣ ಇಟ್ಟು ಸುತ್ತಿಗೆಯಲ್ಲಿ ಒಂದೇಟು ಕೊಟ್ಟೆ. ಟಣ್ ಅಂತ ಸೀಳಿತು.

ಬೇರಿಂಗ್ ಯಾಕೆ ಹೋಗಿತ್ತು ಅನ್ನೋದು ಆಗ ಕಂಡಿತು. ಎಣ್ಣೆ ಹೊರಬರದಂತೆ, ಕೆಸರು ಒಳಹೋಗದಂತೆ ತಡೆಯುವ ಸೀಲ್ ಕೂರುವ ಜಾಗದಲ್ಲಿ ಆಕ್ಸಲ್ ಸುತ್ತ ಗೆರೆ ಬಿದ್ದಿತ್ತು, ಉಗುರು ಸಿಕ್ಕಿಕೊಳ್ಳುವಷ್ಟು. ಗ್ಯಾರೇಜಿನವರು ಹಳೆ ಸೀಲನ್ನೇ ಮತ್ತೆ ಹಾಕಿದ್ದರು. ಸಡಿಲ ಸರಿಮಾಡಲು ಹಾಕುವ ತೆಳು ತಗಡಿನ ಶಿಮ್‌ಗಳೂ ಹಳೇವೇ. ಅಳತೆಯನ್ನೇ ನೋಡಿರಲಿಲ್ಲ.

ಗೆರೆಯನ್ನು ವೆಲ್ಡಿಂಗ್ ಮಾಡಿ ತುಂಬಿಸೋಣ ಅಂತ ಆಕ್ಸಲ್ ಹೊತ್ತು ಲೇತ್ ಅಂಗಡಿಗೆ ಹೋದೆ. ಅಲ್ಲಿನ ಅಜ್ಜ ಒಪ್ಪಲಿಲ್ಲ. "ಬ್ಯಾಡ ತಮ್ಮಾ, ಹದ ಕೊಟ್ಟ ಉಕ್ಕು ಇದು. ವೆಲ್ಡಿಂಗ್ ಕಾವಿಗೆ ಬಿರುಸಾಗಿ ಮುರೀತತಿ. ತೆಳು ಬಳೆ ಹೊಡೆದು ಕೊಡ್ತೀನಿ, ಸೀಲ್ ಅದರ ಮೇಲೆ ಕುಂತ್ಕೊಳ್ಳಲಿ." ಹಾಗೇ ಮಾಡಿದ್ವಿ.

ಕೂರಿಸೋದು ನನಗೆ ಇಷ್ಟದ ಕೆಲಸ. ಬೇರಿಂಗನ್ನು ಸುತ್ತಿಗೆಯಲ್ಲಿ ಬಡಿಯಬಾರದು, ಗ್ಯಾಸಿನ ಉರಿಯನ್ನೂ ನೇರ ಹಿಡಿಯಬಾರದು. ಹಳೆ ಬಾಣಲೆಗೆ ಎಣ್ಣೆ ಹಾಕಿ, ಬೇರಿಂಗನ್ನು ತಂತಿಯಲ್ಲಿ ಇಳಿಬಿಟ್ಟೆ, ತಳಕ್ಕೆ ತಾಗದಂತೆ. 120 ಡಿಗ್ರಿ ದಾಟಿದರೆ ಬೇರಿಂಗಿನ ಹದ ಕೆಡುತ್ತೆ. ಪಾಕ ನೋಡುವ ಥರ್ಮಾಮೀಟರನ್ನು ಹೆಂಡತಿಗೆ ಹೇಳದೆ ತಂದಿದ್ದೆ. ಅದು ಬೇರೆ ಜಗಳ.

ಬಿಸಿ ಬೇರಿಂಗ್ ಇಕ್ಕಳದಲ್ಲಿ ಎತ್ತಿ ಇನ್ನೇನು ಇಳಿಸಬೇಕು, ಮಗ ಕೂಗಿದ. "ಅಪ್ಪಾ, ಸೀಲ್ ಪ್ಲೇಟ್!" ಸೀಲ್ ಕೂರುವ ಆ ಪ್ಲೇಟ್ ಕೆಳಗೇ ಬಿದ್ದಿತ್ತು. ಆಕ್ಸಲ್ಲಿನ ಹೊರತುದಿಯಲ್ಲಿ ಚಕ್ರ ಕೂರುವ ತಟ್ಟೆ (ಫ್ಲೇಂಜ್) ಒಂದೇ ತುಂಡಾಗಿರುತ್ತೆ, ಆ ಕಡೆಯಿಂದ ಏನೂ ಏರಲ್ಲ. ಮೊದಲು ಪ್ಲೇಟ್, ಆಮೇಲೆ ಬೇರಿಂಗ್, ಕೊನೆಗೆ ಕಾಲರ್. ಮರೆತರೆ ಮತ್ತೆ ಕಾಲರ್ ಒಡೆಯಬೇಕು! ಪ್ಲೇಟ್ ಏರಿಸಿ, ಬೇರಿಂಗನ್ನು ಮತ್ತೆ ಕಾಯಿಸಿ ಬಿಟ್ಟೆ. ಸುಮ್ನೆ ಜಾರಿ ಕೂತಿತು. ಹೊಸ ಕಾಲರನ್ನೂ ಕಾಯಿಸಿ, ಬೇರಿಂಗಿಗೆ ಒತ್ತಿ ಹಿಡಿದು ಆರಲು ಬಿಟ್ಟೆ.

ಕೊನೆಗೆ ಶಿಮ್. ಎಡ, ಬಲ ಆಕ್ಸಲ್‌ಗಳ ಒಳತುದಿ ನಡುವೆ ಒಂದಕ್ಕೊಂದು ತಾಗುತ್ತೆ. ಹಾಗಾಗಿ ಒಂದು ಕಡೆ ಶಿಮ್ ಬದಲಿಸಿದರೆ ಎರಡೂ ಕಡೆಯ ಆಟ, ಅಂದ್ರೆ ಅಲುಗಾಟ, ಬದಲಾಗುತ್ತೆ. ಶಿಮ್ ಜಾಸ್ತಿಯಾದರೆ ಸಡಿಲ, ಕಮ್ಮಿಯಾದರೆ ಬೇರಿಂಗ್ ಬಿಗಿದು ಸುಡುತ್ತೆ. ಸಣ್ಣ ಅಲುಗಾಟ ಅಳೆಯುವ ಡಯಲ್ ಗೇಜನ್ನು ಅಜ್ಜನಿಂದ ಎರವಲು ತಂದು, ಹಾಕಿ ತೆಗೆದು ಹಾಕಿ, ಮೂರನೇ ಸಲಕ್ಕೆ ಮ್ಯಾನ್ಯುಯಲ್ಲಿನ ಅಳತೆಗೆ ಬಂತು. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿದಿದ್ದು ಇದೇ. ಗ್ಯಾರೇಜಿನವರು ಬಿಟ್ಟಿದ್ದೂ ಇದನ್ನೇ.

ಹೊಸ ಎಣ್ಣೆ, ಹೊಸ ಬ್ರೇಕ್ ಶೂ ಹಾಕಿ ಹರಿಹರದವರೆಗೆ ಓಡಿಸಿ ಬಂದು ಹಬ್ ಮುಟ್ಟಿದೆ. ಕೈ ಇಟ್ಟುಕೊಳ್ಳುವಷ್ಟೇ ಬೆಚ್ಚಗಿತ್ತು. ಎರಡು ಬೆಳೆ ಆಯ್ತು, ಬಲಗಡೆ ಡ್ರಮ್ ಒಣಗಿದೆ. ಎಡಗಡೆ ಈಗ ಸ್ವಲ್ಪ ಒದ್ದೆ ಕಾಣ್ತಿದೆ. ಕೊಯ್ಲು ಮುಗಿದ ಮೇಲೆ ಅದನ್ನೂ ಬಿಚ್ಚಬೇಕು. ಥರ್ಮಾಮೀಟರ್ ಈ ಸಲ ಬೇರೆ ಕೊಂಡಿದ್ದೀನಿ.